ಧಾರವಾಡದಲ್ಲಿ ಸಿಕ್ಕ ಅರ್ಧ ಗೋಪುರ

ಮೈಸೂರಿನಿಂದ ರಾತ್ರಿ ಹೊರಟ ರೈಲು ಬೆಳಗಿನ ಹೊತ್ತಿಗೆ ಹುಬ್ಬಳ್ಳಿ ತಲುಪಿತು. ಆರನೇ ತರಗತಿಯ ನನ್ನ ಮೊಮ್ಮಗ ಮೇಲಿನ ಬರ್ತಿನಿಂದ ದಡದಡ ಇಳಿದು ಕಿಟಕಿಗೆ ಮುಖ ಅಂಟಿಸಿ ಕುಳಿತ. "ತಾತ, ಕಂಬ ಎಣಿಸೋಣ" ಅಂದ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಪ್ರಪಂಚದಲ್ಲೇ ಅತಿ ಉದ್ದದ್ದು, 1,507 ಮೀಟರ್ ಎಂದು ಅವನು ಶಾಲೆಯಲ್ಲಿ ಓದಿದ್ದ. ಒಂದೂವರೆ ಕಿಲೋಮೀಟರು! ನಮ್ಮ ಮನೆಯಿಂದ ಅವನ ಶಾಲೆಯೂ ಅಷ್ಟು ದೂರವಿಲ್ಲ. ಇಬ್ಬರೂ ಎಣಿಸತೊಡಗಿದೆವು. ಮೂವತ್ತು ದಾಟುವಷ್ಟರಲ್ಲಿ ಚಹಾ ಮಾರುವವನು ಬಂದ, ಲೆಕ್ಕ ತಪ್ಪಿತು. ಮೊಮ್ಮಗನಿಗೆ ಬೇಸರವಾಯಿತು. "ಹಿಂದಿರುಗುವಾಗ ಎಣಿಸಿದರಾಯಿತು ಬಿಡು" ಎಂದು ಸಮಾಧಾನ ಹೇಳಿದೆ. ಆ ಹತ್ತು ದಿನಗಳಲ್ಲಿ ನಾವು ಎಣಿಸುವುದು ಬೇರೆಯೇ ಇದೆ ಎಂದು ಆಗ ಗೊತ್ತಿರಲಿಲ್ಲ.

ನಾವು ಹೋಗುತ್ತಿದ್ದುದು ಧಾರವಾಡದ ಮಾಳಮಡ್ಡಿಗೆ, ನನ್ನ ಮಗಳ ಮನೆಗೆ. ಮಂಡಿನೋವಿನಿಂದಾಗಿ ನನ್ನ ಹೆಂಡತಿ ಬರಲಿಲ್ಲ. ದಸರಾ ರಜೆ, ಸಣ್ಣ ಜಡಿಮಳೆ. ಧಾರವಾಡದ ಮಳೆಗೆ ಅವಸರವೇ ಇರುವುದಿಲ್ಲ. ಕೊಡೆ ಬಿಚ್ಚಿದರೆ ನಿಲ್ಲುತ್ತದೆ, ಮಡಚಿದರೆ ಶುರುವಾಗುತ್ತದೆ. ಮೊದಲ ದಿನ ಸಂಜೆ ಪೇಢೆ ತರಲು ಲೈನ್ ಬಜಾರಿಗೆ ಹೋದೆವು. ಬಿಸಿ ಇರುವಾಗಲೇ ಎರಡು ಪೇಢೆ ತಿಂದ ಮೊಮ್ಮಗ, ಉಳಿದದ್ದನ್ನು ಅಜ್ಜಿಗೆ ಎಂದು ಚೀಲಕ್ಕೆ ಹಾಕಿದ. ವಾಪಸು ಬರುವಾಗ ಮತ್ತೆ ಮಳೆ. ಕೊಡೆಯನ್ನು ಪೇಢೆ ಅಂಗಡಿಯಲ್ಲೇ ಮರೆತು ಬಂದಿದ್ದೆ. ಓಡಿ ಹೋಗಿ ಒಂದು ಹಳೆ ಸಾಮಾನಿನ ಅಂಗಡಿಯ ಸೂರಿನಡಿ ನಿಂತೆವು.

ಒಳಗೆ ಹಿತ್ತಾಳೆ ಬೀಗ, ಹಿಡಿ ಮುರಿದ ಬೀಸುಕಲ್ಲು, ಮುಳ್ಳಿಲ್ಲದ ಗಡಿಯಾರ. ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರದ ಮರದ ಪೆಟ್ಟಿಗೆ. ಮೊಮ್ಮಗ ಅದರ ಮುಚ್ಚಳ ತೆಗೆದ. ಒಳಗೆ ಯಂತ್ರ ಇರಲಿಲ್ಲ. ನೂಲಿನ ಖಾಲಿ ಉಂಡೆಗಳು, ಒಂದು ಗುಂಡಿ ಡಬ್ಬಿ, ಅದರ ಕೆಳಗೆ ಮಡಿಸಿಟ್ಟ ಕಪ್ಪು ಬಟ್ಟೆ. ಬಿಚ್ಚಿ ನೋಡಿದರೆ ಮೊಳ ಒಂದೂವರೆ ಉದ್ದ. ಒಂದು ಅಂಚಿನಲ್ಲಿ ಕುಂಕುಮದ ಬಣ್ಣದ ದಾರದಲ್ಲಿ ಮೆಟ್ಟಿಲು ಮೆಟ್ಟಿಲಾದ ಪುಟ್ಟ ಗೋಪುರ. ಪಕ್ಕದಲ್ಲಿ ಇನ್ನೊಂದು ಗೋಪುರದ ಗುರುತು. ಆಮೇಲೆ ಏನೂ ಇಲ್ಲ, ಬರೀ ಕಪ್ಪು. ಕೊನೆಯ ಹೊಲಿಗೆಯ ಹತ್ತಿರ ತುಕ್ಕು ಹಿಡಿದ ಸೂಜಿ ಚುಚ್ಚಿಕೊಂಡೇ ಇತ್ತು. ನಾಲ್ಕು ಬೆರಳಷ್ಟು ದಾರ ನೇತಾಡುತ್ತಿತ್ತು.

"ಏನ್ರೀ ಇದು?" ಎಂದೆ. ಅಂಗಡಿಯವರು ತಲೆ ಎತ್ತದೆ, "ಯಾವುದೋ ಮನಿ ಖಾಲಿ ಮಾಡಿದಾಗ ಬಂದದ್ದು. ಅರವತ್ತು ರೂಪಾಯಿ ಕೊಟ್ಟು ತಗೊಂಡ್ ಹೋಗ್ರಿ" ಅಂದರು. ಐವತ್ತಕ್ಕೆ ಕೇಳಿದೆ. "ಅರ್ಧಾ ಹಾಕಿದ್ದಕ್ಕ ಅರ್ಧಾ ರೇಟ್ ಆಗ್ಲೇ ಹೇಳೀನ್ರೀ" ಎಂದರು. ಅರವತ್ತೇ ಕೊಟ್ಟೆ.

ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ನನ್ನ ಹೆಂಡತಿಗೆ ಇಷ್ಟವಾಗಲಿಲ್ಲ. "ಯಾರದೋ ಮನೆಯ ಹಳೇ ಬಟ್ಟೆ. ಅದೂ ಅರ್ಧಕ್ಕೆ ಬಿಟ್ಟದ್ದು. ಯಾಕೆ ಬಿಟ್ಟರೋ ಏನೋ. ಮನೆಗೆ ತರಬೇಡಿ" ಅಂದಳು. ಆ ಮಾತು ನನ್ನನ್ನೂ ಸ್ವಲ್ಪ ತಟ್ಟಿತು.

ಮಾರನೆಯ ದಿನ ಮಗಳು ನಮ್ಮನ್ನು ಎರಡು ಮನೆ ಆಚೆಗಿನ ಅಜ್ಜಿಯ ಹತ್ತಿರ ಕರೆದುಕೊಂಡು ಹೋದಳು. ಎಂಬತ್ತು ದಾಟಿದವರು. ಈಗ ಕಣ್ಣು ಮಂಜು, ಆದರೆ ಬೆರಳಿಗೆ ಎಲ್ಲ ನೆನಪಿದೆ. ಅವರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಮುಂಭಾಗವನ್ನಲ್ಲ, ಹಿಂಭಾಗವನ್ನು. "ಕೈ ಚಲೋ ಅದ" ಅಂದರು. ಆಮೇಲೆ ಬಟ್ಟೆಯನ್ನು ಹರವಿ, ಅದರ ಕತ್ತರಿಸಿದ ಆಕಾರ ನೋಡಿ, "ಇದು ಕುಂಚಿ ರೀ" ಎಂದರು.

ಕುಂಚಿ ಎಂದರೆ ಕೂಸಿನ ತಲೆಯನ್ನು ಟೋಪಿಯಂತೆ ಮುಚ್ಚಿ, ಬೆನ್ನಿನ ಮೇಲೆ ಇಳಿಬೀಳುವ ಉಡುಪು. ಈ ಭಾಗದಲ್ಲಿ ಇಳಕಲ್ ಸೀರೆಯ ಸೆರಗಿಗೆ, ಕುಪ್ಪಸಕ್ಕೆ, ಕೂಸಿನ ಕುಲಾವಿಗೆ, ಕುಂಚಿಗೆ ಕೈಯಿಂದ ಕಸೂತಿ ಹಾಕುವುದು ಹಳೆಯ ರೂಢಿ. ಮದುವೆಗೆ ಚಂದ್ರಕಾಳಿ ಎಂಬ ಕಪ್ಪು ಸೀರೆಗೂ ಕಸೂತಿ ಹಾಕುತ್ತಿದ್ದರು. 'ಕೈ' ಮತ್ತು 'ಸೂತಿ', ಅಂದರೆ ನೂಲು, ಸೇರಿ ಕಸೂತಿ ಆಯಿತು ಎನ್ನುತ್ತಾರೆ. ಧಾರವಾಡ ಪೇಢೆಗೆ ಇರುವಂತೆ ಈ ಕಸೂತಿಗೂ ಭೌಗೋಳಿಕ ಸೂಚಕದ ಮನ್ನಣೆ ಇದೆ.

ಮೊಮ್ಮಗ ಮೆಲ್ಲಗೆ ಕೇಳಿದ: "ಅಜ್ಜಿ, ಪಾಪುಗೆ ಏನಾದರೂ ಆಯಿತಾ? ಅದಕ್ಕೇ ಬಿಟ್ಟುಬಿಟ್ಟರಾ?"

ನಾನೂ ಅದನ್ನೇ ಯೋಚಿಸುತ್ತಿದ್ದೆ. ಕೇಳಲು ಧೈರ್ಯ ಬಂದಿರಲಿಲ್ಲ. ಅಜ್ಜಿ ನಕ್ಕರು. "ಹಂಗ್ಯಾಕ ಅಂತೀ ತಮ್ಮಾ? ಕೂಸು ಬಂದಿರತದ, ಅದಕ್ಕ ಬಿಟ್ಟಿರತಾಳ. ಕೂಸು ಮಡಲಾಗ ಇದ್ರ ಸೂಜಿ ಹಿಡೀಲಿಕ್ಕೆ ಬಿಡತದೇನು? ನಾ ನನ್ನ ಮೊದಲನೇ ಮಗನ ಕುಂಚಿ ಮುಗಿಸಿದ್ದು ಎರಡನೇದಾಕಿ ಹುಟ್ಟಿದ ಮ್ಯಾಲ."

ನಿಜ ಏನೋ ಯಾರಿಗೂ ಗೊತ್ತಿಲ್ಲ. ಆದರೆ ಆ ಮಾತಿನಿಂದ ಮೊಮ್ಮಗನ ಮುಖ ಹಗುರಾಯಿತು, ನನ್ನದೂ.

ಅಜ್ಜಿ ನಮಗೆ ಕಸೂತಿಯ ನಾಲ್ಕು ಹೊಲಿಗೆಗಳನ್ನು ಪರಿಚಯ ಮಾಡಿಸಿದರು. ಒಂದು ಗವಂತಿ, ನೇರ ಗೆರೆಯ ಹೊಲಿಗೆ. ಎರಡು ಮುರಗಿ, ಮೆಟ್ಟಿಲಿನಂತೆ ಏರಿಳಿಯುವುದು. ಮೂರು ನೇಗಿ, ನೇಯ್ಗೆಯಂತೆ ಕಾಣುವುದು. ನಾಲ್ಕು ಮೆಂತಿ, ಮೆಂತ್ಯದ ಕಾಳಿನ ಹಾಗೆ ಗುಣಿಸು ಗುರುತಿನ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಗೀಚಿಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿಗಳಲ್ಲಂತೂ ಮುಂಭಾಗ ಹೇಗೋ ಹಿಂಭಾಗವೂ ಹಾಗೆಯೇ ಕಾಣಬೇಕು.

ಇದು ಹೇಗೆ ಸಾಧ್ಯ? ಮಕ್ಕಳೇ, ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಮರ ಬರೆಯಿರಿ: ಒಂದು ಕಾಂಡ, ಮೂರು ಕೊಂಬೆ. ಈಗ ಪೆನ್ಸಿಲ್ ಎತ್ತದೆ, ಪ್ರತಿ ಗೆರೆಯ ಮೇಲೂ ಸರಿಯಾಗಿ ಎರಡು ಸಲ ಹೋಗಿ, ಶುರು ಮಾಡಿದಲ್ಲಿಗೇ ಬನ್ನಿ. ಕಾಂಡ ಹತ್ತಿ ಒಂದು ಕೊಂಬೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ, ಮುಂದಿನ ಕೊಂಬೆಗೆ ಹೋಗಿ, ಮತ್ತೆ ಹಿಂದಿರುಗಿ, ಕೊನೆಗೆ ಕಾಂಡ ಇಳಿದರೆ ಆಯಿತು. ಒಂದಕ್ಕೊಂದು ಕೂಡಿಕೊಂಡಿರುವ ಗೆರೆಗಳ ಯಾವ ಚಿತ್ರವನ್ನಾದರೂ ಹೀಗೆ ಸುತ್ತಿ ಬರಬಹುದು. ಕಸೂತಿಯ ಸೂಜಿ ಮಾಡುವುದೂ ಇದನ್ನೇ. ಹೋಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ ಬಿದ್ದರೆ ಮುಂದಿನದು ಕೆಳಗೆ ಬೀಳುತ್ತದೆ. ಹೀಗಾಗಿ ಅರ್ಧ ಗೆರೆ ಮುಂದೆ, ಅರ್ಧ ಗೆರೆ ಹಿಂದೆ. ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುತ್ತದೆ. ಆಗ ಎರಡೂ ಕಡೆ ಗೆರೆ ಪೂರ್ತಿ.

ಇಷ್ಟು ತಿಳಿದ ಮೇಲೆ ನಾವು ಕುಂಚಿಯ ಎರಡನೆಯ ಗೋಪುರವನ್ನು ಮತ್ತೆ ನೋಡಿದೆವು. ಮುಂಭಾಗದಲ್ಲಿ ಮೆಟ್ಟಿಲುಗಳ ಅಡ್ಡಗೆರೆ ಮಾತ್ರ ಇದ್ದವು, ಒಂದೂ ನಿಂತ ಗೆರೆ ಇಲ್ಲ. ಹಿಂದೆ ತಿರುಗಿಸಿದರೆ ನಿಂತ ಗೆರೆಗಳು ಮಾತ್ರ. ಅಂದರೆ ಆಕೆ ಎಡಬುಡದಿಂದ ಹೊರಟು, ಶಿಖರ ಹತ್ತಿ, ಬಲಬುಡದವರೆಗೆ ಇಳಿದಿದ್ದಳು. ಅಲ್ಲಿ ಸೂಜಿ ಚುಚ್ಚಿ ಎದ್ದು ಹೋಗಿದ್ದಳು. ಹೋಗುವ ಪ್ರಯಾಣ ಆಗಿತ್ತು, ಬರುವ ಪ್ರಯಾಣ ಬಾಕಿ.

"ಹಾಗಾದರೆ ನಾವು ಅವಳನ್ನು ವಾಪಸು ಕರ್ಕೊಂಡು ಬರಬೇಕು" ಎಂದ ಮೊಮ್ಮಗ.

ಇಪ್ಪತ್ತು ಇಪ್ಪತ್ತೈದು ಎಳೆ ದಪ್ಪಗೆ ಕಾಣುವ ಮ್ಯಾಟಿ ಬಟ್ಟೆಯ ತುಂಡೊಂದರ ಮೇಲೆ ಎರಡು ದಿನ ಅಭ್ಯಾಸ ಮಾಡಿದೆವು. ಮೊದಲು ನನ್ನ ಕೈ ನಡುಗುತ್ತಿತ್ತು. ಮೊಮ್ಮಗನ ಗೆಳೆಯನೊಬ್ಬ ಪಕ್ಕದ ಮನೆಯಿಂದ ಇಣುಕಿ, "ಹುಡುಗ್ಯಾರ ಕೆಲಸ" ಎಂದು ನಕ್ಕ. ಮೊಮ್ಮಗ ಬಟ್ಟೆ ಮಡಚಿಟ್ಟ. ಅಜ್ಜಿ ಆ ಹುಡುಗನನ್ನು ಕರೆದು ಕೈಗೆ ಸೂಜಿ ಕೊಟ್ಟು, ದಾರ ಪೋಣಿಸಲು ಹೇಳಿದರು. ಏಳು ಸಲ ಆದರೂ ಆಗಲಿಲ್ಲ. ಮರುದಿನ ಅವನೂ ಬಂದು ಕುಳಿತ. ಸೂಜಿ ಪೋಣಿಸುವ ಕೆಲಸ ತನ್ನದೇ ಎಂದು ಹಟ ಮಾಡಿದ.

ಹಳೆಯ ಬಟ್ಟೆಯನ್ನು ಮುಟ್ಟುವ ಮುನ್ನ ಮಾಡಬೇಕಾದ್ದನ್ನು ಅಜ್ಜಿ ಒಂದೊಂದಾಗಿ ಹೇಳಿದರು. ಮೊದಲು ಬೆಳಕಿಗೆ ಹಿಡಿದು, ಎಲ್ಲಿ ಬಟ್ಟೆ ಸವೆದಿದೆ, ಎಲ್ಲಿ ತೂತಾಗಿದೆ ನೋಡಬೇಕು. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ದಾರದ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಪರೀಕ್ಷಿಸಬೇಕು. ಬಿಡದಿದ್ದರೆ ಅಂಟುವಾಳದ ನೀರಿನಲ್ಲಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ತುಕ್ಕು ಹಿಡಿದ ಸೂಜಿಯನ್ನು ಎಳೆಯಬಾರದು, ಮೆಲ್ಲಗೆ ತಿರುಗಿಸುತ್ತ ತೆಗೆಯಬೇಕು. ದಾರವನ್ನು ಮೊಣಕೈಯಿಂದ ಬೆರಳ ತುದಿಯಷ್ಟೇ ತೆಗೆದುಕೊಳ್ಳಬೇಕು. ಉದ್ದವಾದಷ್ಟೂ ಸಿಕ್ಕಾಗುತ್ತದೆ. ಕಪ್ಪು ಬಟ್ಟೆಯ ಎಳೆ ಕಾಣದಿದ್ದರೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರಬೇಕು. ಈ ಕೊನೆಯ ಉಪಾಯ ಎಷ್ಟು ಸರಳ! ಅಲ್ಲಿಯವರೆಗೆ ನನ್ನ ಕನ್ನಡಕವನ್ನೇ ಬೈಯುತ್ತಿದ್ದೆ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಬೇಕು.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನೊಬ್ಬನೇ ಕುಂಚಿ ಹಿಡಿದು, ಭೂತಗನ್ನಡಿ ಇಟ್ಟುಕೊಂಡು ಮೊದಲನೆಯ ಗೋಪುರದ ಎಳೆ ಎಣಿಸುತ್ತಿದ್ದೆ. ಒಂದು ಹೊಲಿಗೆಗೆ ನಾಲ್ಕು ಎಳೆ. ಎಡಗಡೆ ಮೊದಲ ಮೆಟ್ಟಿಲು ನಾಲ್ಕು, ಎರಡನೆಯದು ನಾಲ್ಕು, ಮೂರನೆಯದು ಐದು! ಮತ್ತೆ ಎಣಿಸಿದೆ. ಐದೇ. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತೆಯಾಗಿದ್ದವನು. ದಿನದ ಕೊನೆಗೆ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ಹುಡುಕಿ ತೆಗೆಯದೆ ಮನೆಗೆ ಹೋಗುತ್ತಿರಲಿಲ್ಲ. ಕೈ ಸುಮ್ಮನಿರಲಿಲ್ಲ. ತಪ್ಪನ್ನು ಸರಿಪಡಿಸಿಯೇ ಮುಂದೆ ಹೋಗೋಣ ಎಂದು ಸಣ್ಣ ಕತ್ತರಿ ತಂದು ಆ ಹೊಲಿಗೆ ಬಿಚ್ಚಿದೆ. ಅದನ್ನು ಸರಿಸಿದರೆ ಮುಂದಿನದೂ ಸರಿಯಬೇಕು. ಅದನ್ನೂ ಬಿಚ್ಚಿದೆ. ಹೀಗೆ ಹನ್ನೊಂದು ಹೊಲಿಗೆ ಬಿಚ್ಚಿದ ಮೇಲೆ ಶಿಖರ ದಾಟಿ ಬಲಗಡೆಗೆ ಬಂದೆ. ಅಲ್ಲಿನ ಮೊದಲ ಮೆಟ್ಟಿಲನ್ನು ಎಣಿಸಿದೆ. ಮೂರು ಎಳೆ.

ಕತ್ತರಿ ಕೆಳಗಿಟ್ಟೆ.

ನೀವೇ ಕೂಡಿ ನೋಡಿ. ಎಡಗಡೆ ನಾಲ್ಕು, ನಾಲ್ಕು, ಐದು. ಶಿಖರ ನಾಲ್ಕು. ಬಲಗಡೆ ಮೂರು, ನಾಲ್ಕು, ನಾಲ್ಕು. ಒಟ್ಟು ಇಪ್ಪತ್ತೆಂಟು. ಎಲ್ಲವೂ ನಾಲ್ಕೇ ಆಗಿದ್ದರೂ ಏಳು ನಾಲ್ಕಲಿ ಇಪ್ಪತ್ತೆಂಟೇ. ಆಕೆ ಏರುವಾಗ ಒಂದು ಎಳೆ ಹೆಚ್ಚು ತೆಗೆದುಕೊಂಡಿದ್ದಳು. ಶಿಖರಕ್ಕೆ ಬಂದಾಗ ಅದು ಅವಳಿಗೆ ತಿಳಿದಿತ್ತು. ಬಿಚ್ಚುವ ಬದಲು ಇಳಿಯುವಾಗ ಒಂದು ಎಳೆ ಕಡಿಮೆ ಮಾಡಿ, ಬುಡ ಸರಿಯಾದ ಜಾಗದಲ್ಲೇ ಬಂದು ನಿಲ್ಲುವಂತೆ ಮಾಡಿದ್ದಳು. ಬಿ.ಕಾಂ. ಓದುವಾಗ ನಮಗೆ ಒಂದಕ್ಕೊಂದು ಸರಿದೂಗುವ ತಪ್ಪುಗಳ ಬಗ್ಗೆ ಒಂದು ಪಾಠವಿತ್ತು. ಎರಡು ತಪ್ಪುಗಳು ಪರಸ್ಪರ ಹೊಡೆದುಹೋಗಿ ತಾಳೆ ಬಂದುಬಿಡುತ್ತದೆ, ಆದ್ದರಿಂದ ಅವು ಅಪಾಯಕಾರಿ, ಹುಡುಕಿ ತೆಗೆಯಬೇಕು ಎಂದು ಕಲಿಸಿದ್ದರು. ಆದರೆ ಇಲ್ಲಿ ಎರಡನೆಯದು ತಪ್ಪಲ್ಲ. ಲೆಕ್ಕ ಬಲ್ಲವಳೊಬ್ಬಳು ಬೇಕೆಂದೇ ಮಾಡಿದ ತಿದ್ದುಪಡಿ. ಅದನ್ನು ನಾನು ಕತ್ತರಿಸಿ ಹಾಕಿದ್ದೆ.

ಹಳೆಯ ದಾರ ಒಣಗಿ ಪುಡಿಪುಡಿಯಾಗಿತ್ತು. ಮತ್ತೆ ಹಾಕುವಂತಿರಲಿಲ್ಲ. ಮೊಮ್ಮಗ ಎದ್ದು ಬಂದು ನೋಡಿದ. "ತಾತ, ಯಾಕೆ ಬಿಚ್ಚಿದೆ? ಅದು ಅವಳದ್ದಲ್ಲವಾ?" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅವನು ಆ ಕೆಂಪು ಚೂರುಗಳನ್ನು ಆಯ್ದು ತನ್ನ ಕಂಪಾಸು ಪೆಟ್ಟಿಗೆಯಲ್ಲಿ ಹಾಕಿಕೊಂಡ.

ಸಂಜೆ ಅಜ್ಜಿಗೆ ತೋರಿಸಿದೆ. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನ ಹಾಗೆ ನಿಂತಿದ್ದೆ. ಅವರು ಬೆರಳಿನಿಂದ ಆ ಜಾಗ ಸವರಿದರು. "ತೂತು ಹಂಗೇ ಅವ ನೋಡ್ರಿ. ಸೂಜಿ ಹೋದ ದಾರಿ ಬಟ್ಟಿ ಮರೀಯೂದಿಲ್ಲ. ಅದೇ ತೂತಿನಾಗ ಹಾಕ್ರಿ. ಐದಿದ್ದಲ್ಲೆ ಐದು, ಮೂರಿದ್ದಲ್ಲೆ ಮೂರು" ಎಂದರು. ಅಂದು ರಾತ್ರಿ ಹನ್ನೊಂದು ಹೊಲಿಗೆಗಳನ್ನು ಆಕೆಯ ತೂತುಗಳಲ್ಲೇ ಮತ್ತೆ ಹಾಕಿದೆ. ಹೊಸ ದಾರದ ಕೆಂಪು ಹಳೆಯದಕ್ಕೆ ಹೊಂದಲಿಲ್ಲ. ಈಗಲೂ ನೋಡಿದ ಕೂಡಲೇ ಕಾಣುತ್ತದೆ. ಇರಲಿ.

ಭಾನುವಾರ ಅಜ್ಜಿಯ ಮಾತಿನಂತೆ ಉಣಕಲ್ಲಿಗೆ ಹೋದೆವು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇಪ್ಪತ್ತು ಕಿಲೋಮೀಟರು ಚಿಲ್ಲರೆ ದೂರ. ಆ ದಾರಿಯಲ್ಲಿ ಓಡುವ ಬಸ್ಸಿನ ಹೆಸರು 'ಚಿಗರಿ'. ಚಿಗರಿ ಎಂದರೆ ಜಿಂಕೆ. ಬಸ್ಸುಗಳಿಗೆಂದೇ ಬೇರೆ ರಸ್ತೆ ಇರುವುದರಿಂದ ಹೆಸರಿಗೆ ತಕ್ಕ ಓಟ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಚಾಲುಕ್ಯ ಶೈಲಿಯದು. ಮನೆಗಳ ಸಾಲಿನ ನಡುವೆ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಮೊಮ್ಮಗ ಒಂದು ಬಾಗಿಲಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಬಂದು ಮೂರು ಸುತ್ತು ಹಾಕಿದ. ಆಮೇಲೆ ಗೋಡೆಯ ಮುಂದೆ ನಿಂತುಬಿಟ್ಟ. "ತಾತ, ಗೋಡೆ ನೇರ ಇಲ್ಲ. ಸ್ವಲ್ಪ ಮುಂದೆ ಬರುತ್ತೆ, ಸ್ವಲ್ಪ ಹಿಂದೆ ಹೋಗುತ್ತೆ. ಇದು ಮುರಗಿ!" ಎಂದು ಕೂಗಿದ. ಅಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು.

ಹುಡುಗ ಹೇಳಿದ್ದು ಸರಿ. ಕಲ್ಲಿನ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಒಳಹೊರಗೆ ಸರಿಯುತ್ತಿತ್ತು. ಕಸೂತಿಯಲ್ಲಿ ಬರುವುದೆಲ್ಲ ಹೀಗೆ ಸುತ್ತಮುತ್ತ ಕಂಡದ್ದೇ: ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ದೀಪದ ಕಂಬ, ತೊಟ್ಟಿಲು, ಆನೆ, ಗಿಳಿ, ನವಿಲು, ಶಂಖ.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗ ಒಂದು ಪ್ರಶ್ನೆ ಕೇಳಿದ. ಎರಡನೆಯ ಗೋಪುರವನ್ನು ಯಾವ ದಾರದಲ್ಲಿ ಮುಗಿಸುವುದು? ಹಳೆಯ ಕುಂಕುಮದ ಬಣ್ಣಕ್ಕೆ ಹೊಂದುವ ದಾರಕ್ಕಾಗಿ ಧಾರವಾಡದ ನಾಲ್ಕು ಅಂಗಡಿ ಸುತ್ತಿದ್ದೆವು. ಸಿಕ್ಕಿರಲಿಲ್ಲ. ಅವನೇ ಉತ್ತರವನ್ನೂ ಹೇಳಿದ. "ಹೊಂದಿಸೋದು ಬೇಡ ತಾತ. ಬೇರೆ ಬಣ್ಣವೇ ಹಾಕೋಣ. ಅವಳು ಹೋಗಿದ್ದು ಕೆಂಪು, ನಾವು ಬರೋದು ಕಿತ್ತಳೆ. ಆಗ ಯಾರು ಯಾವುದು ಹಾಕಿದ್ದು ಅಂತ ಗೊತ್ತಾಗುತ್ತೆ."

ಹಾಗೆಯೇ ಮಾಡಿದೆವು. ಬಲಬುಡದಲ್ಲಿ, ಆಕೆಯ ಸೂಜಿ ಇದ್ದ ಜಾಗದಿಂದಲೇ, ಗಂಟು ಹಾಕದೆ ಹಳೆಯ ಹೊಲಿಗೆಯೊಳಗೆ ಹೊಸ ದಾರದ ತುದಿಯನ್ನು ನುಸುಳಿಸಿ ಹೊರಟೆವು. ಒಂದು ಮೆಟ್ಟಿಲು ನಾನು, ಒಂದು ಮೆಟ್ಟಿಲು ಅವನು. ಶಿಖರ ಹತ್ತಿ ಎಡಬುಡಕ್ಕೆ ಇಳಿಯಲು ಒಂದು ಬೆಳಗು ಹಿಡಿಯಿತು. ಮುಗಿದಾಗ ಮುಂಭಾಗದಲ್ಲಿ ಆಕೆಯ ಕೆಂಪು ಅಡ್ಡಗೆರೆಗಳ ನಡುವೆ ನಮ್ಮ ಕಿತ್ತಳೆ ಬಣ್ಣದ ನಿಂತ ಗೆರೆಗಳಿದ್ದವು. ಹಿಂಭಾಗ ತಿರುಗಿಸಿದರೆ ಅದಲುಬದಲು: ಅಡ್ಡಗೆರೆ ನಮ್ಮದು, ನಿಂತ ಗೆರೆ ಆಕೆಯದು. ಇದನ್ನು ನಾವು ಮೊದಲೇ ಯೋಚಿಸಿರಲಿಲ್ಲ. ಹೊಲಿಗೆಯ ಕ್ರಮವೇ ಹಾಗೆ ಮಾಡಿಕೊಟ್ಟಿತು. ಮೊಮ್ಮಗ ಬಟ್ಟೆಯನ್ನು ಹತ್ತು ಸಲ ತಿರುಗಿಸಿ ನೋಡಿದ.

ಉಳಿದದ್ದು ಖಾಲಿ ಅಂಚು. ಅಲ್ಲಿ ಆಕೆ ಇನ್ನೂ ಗೋಪುರಗಳನ್ನೇ ಹಾಕುವವಳಿದ್ದಳೋ, ತೇರು ಬರುವುದಿತ್ತೋ ತಿಳಿಯುವಂತಿಲ್ಲ. ಮೊಮ್ಮಗನಿಗೆ ರೈಲು ಹಾಕಬೇಕೆಂದು ಆಸೆ. ನನಗೆ ಅನುಮಾನ. ಕಸೂತಿಯಲ್ಲಿ ರೈಲೇ? ಅಜ್ಜಿ ಬೇಸರ ಮಾಡಿಕೊಂಡಾರು ಎಂದು ಹೆದರುತ್ತಲೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತೇರು ಕಂಡವರು ತೇರು ಹಾಕಿದ್ರು. ನೀವು ಕಂಡದ್ದು ನೀವು ಹಾಕ್ರಿ. ಆದ್ರ ಎಳಿ ಎಣಸೇ ಹಾಕ್ರಿ, ಹಿಂದ ಮುಂದ ಒಂದೇ ಇರಲಿ. ಮತ್ತ ಆಕಿ ಹಾಕಿದ್ದನ್ನ ಇನ್ನೊಮ್ಮೆ ಬಿಚ್ಚಬ್ಯಾಡ್ರಿ." ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದರು.

ಚೌಕಟ್ಟು ಹಾಳೆಯ ಮೇಲೆ ಮೊದಲು ನಕ್ಷೆ ಮಾಡಿದೆವು. ಒಂದು ಚೌಕಕ್ಕೆ ನಾಲ್ಕು ಎಳೆ. ಇಂಜಿನ್ನು, ಆರು ಡಬ್ಬಿ, ಕೆಳಗೆ ಉದ್ದಕ್ಕೂ ಪ್ಲಾಟ್‌ಫಾರ್ಮಿನ ಗೆರೆ. ಕಸೂತಿಯ ಗವಂತಿಯಲ್ಲಿ ದುಂಡು ಬರುವುದಿಲ್ಲ, ಹಾಗಾಗಿ ನಮ್ಮ ರೈಲಿನ ಚಕ್ರಗಳು ಚೌಕ. ಡಬ್ಬಿಗಳನ್ನು ಜೋಡಿಸುವ ಕೊಂಡಿ ಇರಲೇಬೇಕು ಎಂಬುದು ಆಮೇಲೆ ಅರ್ಥವಾಯಿತು. ಕೊಂಡಿ ಇಲ್ಲದಿದ್ದರೆ ಸೂಜಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುವುದಾದರೂ ಹೇಗೆ? ರೈಲಿಗೂ ಕಸೂತಿಗೂ ಒಂದೇ ನಿಯಮ. ರೈಲಿನ ಹಿಂದೆ, ಅಂಚಿನ ಮೂಲೆಯಲ್ಲಿ ನಾನು ನನ್ನದೇ ಒಂದು ಚಿತ್ರ ಸೇರಿಸಿದೆ: ಒಂದು ಕೊಡೆ. ಪೇಢೆ ಅಂಗಡಿಯಲ್ಲಿ ಅದನ್ನು ಮರೆಯದಿದ್ದರೆ ನಾವು ಆ ಸೂರಿನಡಿ ನಿಲ್ಲುತ್ತಲೇ ಇರಲಿಲ್ಲವಲ್ಲ. ಕೊಡೆಯ ಹಿಡಿಯಲ್ಲಿ ಒಂದು ಎಳೆ ತಪ್ಪಿದೆ. ಗೊತ್ತಾದಾಗ ಬಿಚ್ಚಲಿಲ್ಲ. ಮುಂದಿನ ಹೊಲಿಗೆಯಲ್ಲಿ ಸರಿದೂಗಿಸಿದೆ.

ಹಿಂದಿರುಗುವಾಗ ಹುಬ್ಬಳ್ಳಿ ಪ್ಲಾಟ್‌ಫಾರ್ಮು ಬಂದಾಗ ಕತ್ತಲು. ಮೊಮ್ಮಗ ಗಾಢನಿದ್ರೆಯಲ್ಲಿದ್ದ. ಕಂಬಗಳನ್ನು ಎಣಿಸಲು ನಾನು ಅವನನ್ನು ಎಬ್ಬಿಸಲಿಲ್ಲ. ನನಗೆ ಬೇರೊಂದು ನೆನಪು ಬಂದಿತ್ತು. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಹಳಿಯಾಳ. ಕೆಲಸದಲ್ಲಿದ್ದಾಗ ಎರಡು ವರ್ಷ ಆ ಕಡೆ ಇದ್ದೆ. ಅಲ್ಲಿನ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ನೋಡಿದ್ದೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಎಲ್ಲ ಮುಗಿದರೂ ನಾಲ್ಕು ಮೂಲೆಗೆ 'ಫೂಲ' ಎಂಬ ಮಡಿಕೆಯ ಬಟ್ಟೆಹೂ ಇಡದೆ ಕೌದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಆ ಕೌದಿಯಲ್ಲಿ ಯಾರು ಯಾರು ಉಟ್ಟು ಬಿಟ್ಟ ಬಟ್ಟೆಯಿದೆಯೋ! ಅದನ್ನು ಹೊದ್ದುಕೊಂಡೇ ಮಕ್ಕಳು ಬೆಚ್ಚಗೆ ಮಲಗುತ್ತಾರೆ. ಹೆಂಡತಿ ಕುಂಚಿಯನ್ನು ಬೇಡ ಅಂದರೆ ಇದನ್ನು ಹೇಳಬೇಕೆಂದುಕೊಂಡೆ.

ಹೇಳುವ ಅಗತ್ಯ ಬರಲಿಲ್ಲ. ಮನೆಗೆ ಬಂದು ಪೇಢೆಯ ಜೊತೆ ಕುಂಚಿಯನ್ನೂ ಅವಳ ಮುಂದಿಟ್ಟೆ. ಪೇಢೆ ಬದಿಗಿಟ್ಟು ಕುಂಚಿ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು ಮುಂದೆ ನೋಡಿದಳು, ಹಿಂದೆ ನೋಡಿದಳು. ಮೊಮ್ಮಗ ಕೆಂಪು, ಕಿತ್ತಳೆಯ ಕಥೆಯೆಲ್ಲ ಹೇಳಿದ. ನನ್ನ ಹನ್ನೊಂದು ಹೊಲಿಗೆಯ ಕಥೆಯನ್ನೂ ಬಿಡದೆ ಹೇಳಿದ. ಅವಳು ಏನೂ ಹೇಳದೆ ಎದ್ದು ಹೋಗಿ, ತನ್ನ ಟ್ರಂಕಿನ ತಳದಿಂದ ಹಳದಿಗಟ್ಟಿದ ಒಂದು ಬಿಳಿಯ ಮೇಜುಹಾಸು ತಂದಳು. ಅದರ ಮೇಲೆ ಒಂದು ಪೂರ್ತಿ ಗಿಳಿ, ಇನ್ನೊಂದು ಗಿಳಿಯ ಕೊಕ್ಕು ಮತ್ತು ಕತ್ತು. ಮದುವೆಗೆ ಮುಂಚೆ ಶುರು ಮಾಡಿದ್ದಂತೆ. ನಲವತ್ತೈದು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿಯೇ ಇರಲಿಲ್ಲ.

ಉತ್ಸಾಹದಿಂದ ಕೈ ಚಾಚಿದೆ. "ಕೊಡು, ನಾನು ಮುಗಿಸುತ್ತೇನೆ."

ಅವಳು ಮೇಜುಹಾಸನ್ನು ಹಿಂದಕ್ಕೆ ಎಳೆದುಕೊಂಡಳು. "ಏನೂ ಬೇಡ. ಆ ಕುಂಚಿಯವಳು ಎಲ್ಲಿದ್ದಾಳೋ ಗೊತ್ತಿಲ್ಲ, ನೀವು ಹಾಕಿದಿರಿ, ಸರಿ. ಇದರ ಒಡತಿ ಇಲ್ಲೇ ಕೂತಿದ್ದಾಳೆ. ಕೇಳದೆ ಮುಟ್ಟಬೇಡಿ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕರೆದಳು. ಹಸಿರು ದಾರದ ಎಳೆಯೊಂದನ್ನು ಸೂಜಿಯ ಕಣ್ಣಿಗೆ ಹಿಡಿದು ಸೆಣಸುತ್ತಿದ್ದಳು. "ಸೂಜಿ ಪೋಣಿಸಿ ಕೊಡಿ ಸಾಕು" ಅಂದಳು. ನನಗೂ ಆಗಲಿಲ್ಲ. ಮೊಮ್ಮಗ ಪೋಣಿಸಿಕೊಟ್ಟ.